ಗುಂಡಿಗೆ ಹಚ್ಚಿದ ಕೊಬ್ಬು, ಹಲಗಲಿಗೆ ಬಿದ್ದ ಬೆಂಕಿ

ಮನೆಯ ಗೇಟಿಗೆ ಪೌಡರ್ ಕೋಟಿಂಗ್ ಮಾಡಿಸಲು ಹೋದ ತಿಂಗಳು ನಮ್ಮೂರ ಹತ್ತಿರದ ಒಂದು ಶೆಡ್ಡಿಗೆ ಹೋಗಿದ್ದೆ. ಗೇಟು ಓವನ್ನಿನೊಳಗೆ ಇತ್ತು. ಕಾಯುತ್ತ ಕೂತಾಗ ಅಲ್ಲಿ ಕೆಲಸ ಮಾಡುವ ಹುಡುಗ ಫೋನ್ ತಂದು ಒಂದು ವಿಡಿಯೊ ತೋರಿಸಿದ. ಅಮೆರಿಕದ ಯಾರೋ ಒಬ್ಬರು ತಮ್ಮ ಮನೆಯ ಹಿಂದಿನ ಶೆಡ್ಡಿನಲ್ಲಿ ಸೀಸ ಕರಗಿಸಿ, ರೈಫಲ್ ಗುಂಡು ಎರಕ ಹೊಯ್ದು, ಅದಕ್ಕೆ ಕೆಂಪು ಪುಡಿ ಹಚ್ಚಿ ಬೇಯಿಸುತ್ತಿದ್ದರು. ನಮ್ಮ ಗೇಟಿಗೆ ಹಚ್ಚುವುದೂ ಅದೇ ಜಾತಿಯ ಪುಡಿ.

“ಸರ್, ಹಾರಿ ಹೋಗೂ ಗುಂಡಿಗೆ ಬಣ್ಣ ಯಾಕ್ ಹಚ್ತಾರ್ರೀ?” ಎಂದು ಕೇಳಿದ.

ಚೆಂದಕ್ಕಲ್ಲ, ಸೀಸ ಬಂದೂಕಿನ ನಳಿಗೆಗೆ ಅಂಟಿಕೊಳ್ಳಬಾರದು ಅಂತ ಹಚ್ಚುತ್ತಾರೆ, ಮೊದಲೆಲ್ಲ ಇದಕ್ಕೆ ಕೊಬ್ಬು, ಮೇಣ ಹಚ್ಚುತ್ತಿದ್ದರು ಎಂದು ಹೇಳಿದೆ.

“ಕೊಬ್ಬು ಅಂದ್ರ, ಸಾಲ್ಯಾಗ ಓದಿದ್ವಲ್ರೀ, ಸಿಪಾಯಿ ದಂಗೆ ಕೊಬ್ಬು? ಅದೇನ್ರೀ?”

ಹೌದು, ಅದೇ. ಹುಡುಗನಿಗೆ ಅರ್ಧ ಉತ್ತರ ಗೊತ್ತಿತ್ತು. ಉಳಿದ ಅರ್ಧ ನಮ್ಮ ಜಿಲ್ಲೆಯಲ್ಲೇ ಇದೆ, ಮುಧೋಳ ತಾಲ್ಲೂಕಿನ ಹಲಗಲಿಯಲ್ಲಿ. ಗುಂಡಿನ ಮೇಲಿನ ಆ ತೆಳುವಾದ ಜಿಡ್ಡಿಗೂ ಹಲಗಲಿಗೂ ಏನು ಸಂಬಂಧ ಎಂದು ಅವನಿಗೆ ನಿಂತ ಕಾಲಲ್ಲಿ ಹೇಳಲು ಆಗಲಿಲ್ಲ. ಇಲ್ಲಿ ಬರೆಯುತ್ತಿದ್ದೇನೆ.

ಸೀಸವೇ ಯಾಕೆ?

ಮೊದಲು ಸೀಸದ ವಿಷಯ. ಸೀಸ ಕರಗಲು 327 ಡಿಗ್ರಿ ಸೆಲ್ಸಿಯಸ್ ಸಾಕು. ತಾಮ್ರಕ್ಕೆ 1,085, ಕಬ್ಬಿಣಕ್ಕೆ 1,538 ಡಿಗ್ರಿ ಬೇಕು. ಕಬ್ಬಿಣ ಕರಗಿಸಲು ಕುಲುಮೆ, ತಿದಿ, ಕಮ್ಮಾರ ಎಲ್ಲ ಬೇಕು. ಸೀಸ ಮಾತ್ರ ಅಡುಗೆ ಒಲೆಯ ಉರಿಗೇ ಕರಗುತ್ತದೆ. ತೂಕವೂ ಜಾಸ್ತಿ. ಒಂದು ಘನ ಸೆಂಟಿಮೀಟರ್ ಕಬ್ಬಿಣ ಎಂಟು ಗ್ರಾಮಿನ ಹತ್ತಿರ ತೂಗಿದರೆ ಅಷ್ಟೇ ಸೀಸ ಹನ್ನೊಂದು ಗ್ರಾಮಿಗಿಂತ ಹೆಚ್ಚು ತೂಗುತ್ತದೆ. ತೂಕದ ಗುಂಡು ಗಾಳಿಯಲ್ಲಿ ಬೇಗ ಸೋಲುವುದಿಲ್ಲ.

ಹಾಗಾಗಿ ಬಂದೂಕು ಬಂದ ಕಾಲದಿಂದಲೂ ಗುಂಡು ಎರಕ ಹೊಯ್ಯುವುದು ಮನೆಯಲ್ಲೇ ಆಗುವ ಕೆಲಸವಾಗಿತ್ತು. ಇಕ್ಕಳದ ಹಾಗೆ ಬಾಯಿ ತೆರೆಯುವ ಅಚ್ಚು, ಸೀಸ ಕರಗಿಸುವ ಪಾತ್ರೆ, ಒಂದು ಸೌಟು. ಅಚ್ಚಿಗೆ ಸುರಿಯುವುದು, ಆರಿದ ಮೇಲೆ ತೆರೆದು ಬೀಳಿಸುವುದು, ಬಾಲದ ತುಂಡು ಕತ್ತರಿಸುವುದು. ಒಂದು ಬಂದೂಕಿನ ನಳಿಗೆಗೂ ಇನ್ನೊಂದರ ನಳಿಗೆಗೂ ಅಳತೆ ಹೊಂದದ ಕಾಲ ಅದು. ಬಂದೂಕು ಕೊಂಡರೆ ಅದರ ಅಳತೆಯ ಅಚ್ಚನ್ನೂ ಜೊತೆಗೇ ಕೊಡುತ್ತಿದ್ದರು.

ಸೀಸದ ಒಂದು ದೋಷವೆಂದರೆ ಅದು ಮೆತ್ತಗೆ. ಉಗುರಿನಲ್ಲಿ ಗೀರಿದರೂ ಗೆರೆ ಬೀಳುತ್ತದೆ. ಮದ್ದಿನ ಬಿಸಿಗೆ, ನಳಿಗೆಯ ತಿಕ್ಕಾಟಕ್ಕೆ ಅದು ಸವೆದು ಒಳಗೋಡೆಗೆ ಮೆತ್ತಿಕೊಳ್ಳುತ್ತದೆ. ಕರಿ ಮದ್ದು ಸುಟ್ಟ ಮಸಿಯೂ ಅದರ ಮೇಲೆ ಗಟ್ಟಿಯಾಗಿ ಕೂರುತ್ತದೆ. ಹತ್ತಿಪ್ಪತ್ತು ಗುಂಡು ಹಾರಿಸುವಷ್ಟರಲ್ಲಿ ಮುಂದಿನ ಗುಂಡನ್ನು ಒಳಗೆ ಇಳಿಸುವುದೇ ಕಷ್ಟವಾಗುತ್ತದೆ. ಇದಕ್ಕೆ ಜನ ಕಂಡುಕೊಂಡ ಉಪಾಯ ಜಿಡ್ಡು. ಕೊಬ್ಬು ಅಥವಾ ಮೇಣ ಇದ್ದರೆ ಮಸಿ ಮೆತ್ತಗೆ ಉಳಿಯುತ್ತದೆ, ಗುಂಡು ಜಾರಿಕೊಂಡು ಹೋಗುತ್ತದೆ.

ದಕ್ಷಿಣದ ಊದುಗೊಳವೆ, ಯುರೋಪಿನ ಗುಂಡು

ಹಳೆಯ ಮಸ್ಕೆಟ್ ಬಂದೂಕಿನ ನಳಿಗೆ ಒಳಗೆ ನುಣುಪಾಗಿತ್ತು. ಬ್ರಿಟಿಷರ ಬ್ರೌನ್ ಬೆಸ್ ಬಂದೂಕಿನ ನಳಿಗೆ ಮುಕ್ಕಾಲು ಇಂಚು ಅಗಲ, ಗುಂಡು ಅದಕ್ಕಿಂತ ಸಾಕಷ್ಟು ಚಿಕ್ಕದು. ಬೇಗ ತುಂಬಬಹುದಿತ್ತು. ಆದರೆ ನೂರು ಗಜ ದಾಟಿದರೆ ಗುರಿ ದೇವರಿಗೇ ಬಿಟ್ಟದ್ದು.

ರೈಫಲ್ ಎಂದರೆ ನಳಿಗೆಯ ಒಳಗೆ ತಿರುಪಿನ ಹಾಗೆ ಸುತ್ತುವ ಗೀರುಗಳಿರುವ ಬಂದೂಕು. ಗುಂಡು ಆ ಗೀರನ್ನು ಹಿಡಿದು ಬುಗುರಿಯ ಹಾಗೆ ತಿರುಗುತ್ತ ಹೋಗುತ್ತದೆ, ಅದಕ್ಕೇ ನೇರ ಹೋಗುತ್ತದೆ. ಗೀರು ಹಿಡಿಯಬೇಕೆಂದರೆ ಗುಂಡು ಬಿಗಿಯಾಗಿರಬೇಕು. ಬಿಗಿಯಾದ ಗುಂಡನ್ನು ನಳಿಗೆಯ ಬಾಯಿಂದ ಗಜ ಹಾಕಿ ಗುದ್ದಿ ಇಳಿಸಬೇಕು. ಅಮೆರಿಕದ ಬೇಟೆಗಾರರು ಜಿಡ್ಡು ಹಚ್ಚಿದ ಬಟ್ಟೆಯ ಚೂರಿನಲ್ಲಿ ಗುಂಡು ಸುತ್ತಿ ಇಳಿಸುತ್ತಿದ್ದರು. ಬೇಟೆಗೆ ಅದು ಸರಿ, ಯುದ್ಧಕ್ಕೆ ಬಹಳ ನಿಧಾನ.

ಸಡಿಲವಾಗಿ ಒಳಗಿಳಿಯುವ, ಹಾರುವಾಗ ಮಾತ್ರ ಬಿಗಿಯಾಗುವ ಗುಂಡು ಮಾಡುವುದು ಹೇಗೆ? ಈ ತೊಡಕಿಗೆ ಉತ್ತರದ ಒಂದು ತುದಿ ನಮ್ಮ ದಕ್ಷಿಣ ಭಾರತದಲ್ಲಿದೆ. ಬ್ರಿಟಿಷ್ ಸೈನ್ಯದ 34ನೇ ರೆಜಿಮೆಂಟಿನ ಕ್ಯಾಪ್ಟನ್ ಜಾನ್ ನಾರ್ಟನ್ ಇಲ್ಲಿನವರು ಊದುಗೊಳವೆಯಲ್ಲಿ ಬಾಣ ಹಾರಿಸುವುದನ್ನು ಗಮನಿಸಿದ್ದನಂತೆ. ಬಾಣದ ಹಿಂತುದಿಗೆ ಮೆತ್ತನೆಯ ಬೆಂಡು ಕಟ್ಟಿರುತ್ತಿದ್ದರು. ಊದಿದಾಗ ಆ ಬೆಂಡು ಉಬ್ಬಿ ಕೊಳವೆಯ ಗೋಡೆಗೆ ಒತ್ತಿಕೊಳ್ಳುತ್ತಿತ್ತು, ಉಸಿರು ಪಕ್ಕದಿಂದ ಸೋರುತ್ತಿರಲಿಲ್ಲ. ನಾರ್ಟನ್ ಇದೇ ಲೆಕ್ಕದಲ್ಲಿ ಹಿಂಭಾಗ ಟೊಳ್ಳಾಗಿರುವ ಗುಂಡು ಮಾಡಿದ. ಮದ್ದಿನ ಒತ್ತಡಕ್ಕೆ ಟೊಳ್ಳು ಅರಳಿ ಗುಂಡು ಗೀರಿಗೆ ಕಚ್ಚಿಕೊಳ್ಳುತ್ತಿತ್ತು.

ನಾರ್ಟನ್‌ನ ಗುಂಡನ್ನು ಬ್ರಿಟಿಷ್ ಸೈನ್ಯ ತೆಗೆದುಕೊಳ್ಳಲಿಲ್ಲ. 1849ರಲ್ಲಿ ಫ್ರಾನ್ಸಿನ ಕ್ಲಾಡ್ ಎತಿಯನ್ ಮಿನಿಯೆ ಇದೇ ಬಗೆಯ ಗುಂಡನ್ನು ಹಿಂಭಾಗಕ್ಕೆ ಕಬ್ಬಿಣದ ಪುಟ್ಟ ಬಟ್ಟಲು ಕೂರಿಸಿ ಮಾಡಿದಾಗ ಮಾತ್ರ ಬ್ರಿಟಿಷ್ ಸರ್ಕಾರ ಅವನಿಗೆ 20,000 ಪೌಂಡ್ ಕೊಟ್ಟು ಆ ಹಕ್ಕು ಪಡೆಯಿತು. ಅಲ್ಲಿಂದ ಬಂದದ್ದೇ 1853ರ ನಮೂನೆಯ ಎನ್‌ಫೀಲ್ಡ್ ರೈಫಲ್.

ಒಂದು ತೋಟಾದ ಒಳಗೆ ಏನಿತ್ತು

ಶಾಲೆಯ ಪುಸ್ತಕದಲ್ಲಿ “ಹಸು ಮತ್ತು ಹಂದಿಯ ಕೊಬ್ಬು ಸವರಿದ ತೋಟಾ” ಎಂಬ ಒಂದೇ ಸಾಲು ಓದಿರುತ್ತೇವೆ. ಅದು ನೋಡಲು ಹೇಗಿತ್ತು, ಬಾಯಿಗೆ ಯಾಕೆ ಹೋಗಬೇಕಿತ್ತು ಎಂದು ಹೇಳಿಕೊಡುವುದು ಅಪರೂಪ.

ತೋಟಾ ಎಂದರೆ ಕಾಗದದ ಕೊಳವೆ. ಒಂದು ಕಡೆ ಅಳೆದು ಹಾಕಿದ ಕರಿ ಮದ್ದು, ಇನ್ನೊಂದು ಕಡೆ ಸುಮಾರು 34 ಗ್ರಾಮಿನ ಸೀಸದ ಗುಂಡು. ಗುಂಡಿರುವ ತುದಿಯ ಕಾಗದಕ್ಕೆ ಹೊರಗಿನಿಂದ ಜಿಡ್ಡು ಅದ್ದಿರುತ್ತಿದ್ದರು. ಸಿಪಾಯಿ ಮದ್ದಿನ ಕಡೆಯ ತುದಿಯನ್ನು ಹಲ್ಲಿನಿಂದ ಕಚ್ಚಿ ಹರಿಯಬೇಕು, ಮದ್ದನ್ನು ನಳಿಗೆಗೆ ಸುರಿಯಬೇಕು, ತೋಟಾವನ್ನು ತಿರುಗಿಸಿ ಗುಂಡಿನ ತುದಿಯನ್ನು ನಳಿಗೆಯ ಬಾಯಿಗಿಟ್ಟು ಉಳಿದ ಕಾಗದ ಹರಿದು ಬಿಸಾಕಬೇಕು, ಗಜದಿಂದ ಒತ್ತಬೇಕು. ಜಿಡ್ಡಿನ ಕಾಗದ ಗುಂಡಿಗೆ ಸುತ್ತಿಕೊಂಡೇ ಒಳಗೆ ಹೋಗುತ್ತಿತ್ತು. ಒಂದು ಕೈಯಲ್ಲಿ ಬಂದೂಕು ಹಿಡಿದಿರುವಾಗ ಕಾಗದ ಹರಿಯಲು ಹಲ್ಲು ಬೇಕೇ ಬೇಕು ಎಂಬುದು ಹಳೆಯ ಕವಾಯತಿನ ಪಾಠ. ಮಸ್ಕೆಟ್ ಕಾಲದಲ್ಲೂ ಕಚ್ಚುತ್ತಿದ್ದರು, ಆದರೆ ಆ ತೋಟಾಕ್ಕೆ ಜಿಡ್ಡು ಇರಲಿಲ್ಲ.

ಎನ್‌ಫೀಲ್ಡಿನ ಜಿಡ್ಡು ಪ್ರಾಣಿ ಕೊಬ್ಬು ಮತ್ತು ಜೇನುಮೇಣದ ಮಿಶ್ರಣ. ಯಾವ ಪ್ರಾಣಿಯ ಕೊಬ್ಬು? ಕಲ್ಕತ್ತದಲ್ಲಿ ಗುತ್ತಿಗೆದಾರರು ತಂದುಕೊಟ್ಟದ್ದು. ಹಸುವಿನದೋ ಕುರಿಯದೋ ಹಂದಿಯದೋ ಎಂದು ಯಾರೂ ನೋಡಿರಲಿಲ್ಲ, ನೋಡಬೇಕೆಂಬ ಕರಾರೂ ಇರಲಿಲ್ಲ.

ಇದು ಯಾರಿಗೂ ಹೊಳೆಯದ ವಿಷಯವಾಗಿತ್ತು ಎನ್ನುವ ಹಾಗಿಲ್ಲ. 1853ರಲ್ಲೇ ಇಂಗ್ಲೆಂಡಿನಿಂದ ಕೆಲವು ತೋಟಾಗಳನ್ನು ಭಾರತಕ್ಕೆ ಕಳಿಸಿದ್ದರು. ಇಲ್ಲಿನ ಬಿಸಿಲಿಗೆ ಜಿಡ್ಡು ಕರಗುತ್ತದೋ ಇಲ್ಲವೋ ನೋಡಲು. ಆಗ ಬಂಗಾಳ ಸೈನ್ಯದ ಅಡ್ಜುಟಂಟ್ ಜನರಲ್ ಆಗಿದ್ದ ಕರ್ನಲ್ ಹೆನ್ರಿ ಟಕರ್, ಈ ಜಿಡ್ಡು ಜಾತಿ ಧರ್ಮಕ್ಕೆ ಅಡ್ಡಿಯಾಗದ ವಸ್ತುವಿನದು ಎಂದು ಖಾತ್ರಿಯಾಗುವ ತನಕ ದೇಶಿ ಸಿಪಾಯಿಗಳಿಗೆ ಕೊಡಬಾರದು ಎಂದು ಬರೆದು ತಿಳಿಸಿದ್ದ. ಜಿಡ್ಡಿಗೆ ಬಿಸಿಲು ಏನು ಮಾಡುತ್ತದೆ ಎಂದು ನೋಡಿದವರು, ಜಿಡ್ಡು ಮನುಷ್ಯರಿಗೆ ಏನು ಮಾಡುತ್ತದೆ ಎಂದು ನೋಡಲಿಲ್ಲ. ಪತ್ರ ಕಡತ ಸೇರಿತು.

ಡಂಡಂನಿಂದ ಮೀರತ್‌ಗೆ

1857ರ ಜನವರಿ. ಕಲ್ಕತ್ತದ ಹತ್ತಿರದ ಡಂಡಂನಲ್ಲಿ ಹೊಸ ರೈಫಲಿನ ತರಬೇತಿ ನಡೆಯುತ್ತಿತ್ತು. ಅಲ್ಲಿನ ತೋಟಾ ಕೆಲಸದ ಒಬ್ಬ ಕೂಲಿ, ಬ್ರಾಹ್ಮಣ ಸಿಪಾಯಿಯೊಬ್ಬನ ತಂಬಿಗೆಯಿಂದ ನೀರು ಕೇಳಿದ. ಸಿಪಾಯಿ ಜಾತಿಯ ಮಾತೆತ್ತಿ ಕೊಡಲಿಲ್ಲ. ಇನ್ನೇನು ದನ, ಹಂದಿಯ ಕೊಬ್ಬು ಹಚ್ಚಿದ ತೋಟಾ ಕಚ್ಚುವಾಗ ನಿನ್ನ ಜಾತಿ ಎಲ್ಲಿ ಉಳಿಯುತ್ತದೆ ಎಂದು ಆ ಕೂಲಿ ತಿರುಗಿ ಕೇಳಿದ. ಈ ಸಂಗತಿ ಅಲ್ಲಿನ ಅಧಿಕಾರಿಗಳ ವರದಿಯಲ್ಲೇ ದಾಖಲಾಗಿದೆ.

ಸಾಮಾನ್ಯವಾಗಿ ಈ ಕಥೆಯನ್ನು ಕೊಬ್ಬಿನ ಕಥೆಯೆಂದೇ ಹೇಳುತ್ತಾರೆ. ನೀರಿನ ವಿಷಯವನ್ನೂ ನಾವು ನೋಡಬೇಕು. ತೋಟಾದಲ್ಲಿ ಏನಿದೆ ಎಂದು ನಿಜವಾಗಿ ತಿಳಿದಿದ್ದವನು ಅದನ್ನು ಕೈಯಾರೆ ಮಾಡುತ್ತಿದ್ದ ಕೂಲಿ. ಅವನಿಗೆ ಕುಡಿಯಲು ನೀರು ಸಿಗಲಿಲ್ಲ.

ಜನವರಿ ಮುಗಿಯುವುದರೊಳಗೆ ಸರ್ಕಾರ ಸಿಪಾಯಿಗಳು ತಮಗೆ ಬೇಕಾದ ಜಿಡ್ಡನ್ನು ತಾವೇ ತಂದು ಹಚ್ಚಿಕೊಳ್ಳಬಹುದು ಎಂದಿತು. ಕಚ್ಚುವ ಬದಲು ಕೈಯಿಂದ ಹರಿಯುವ ಹಾಗೆ ಕವಾಯತನ್ನೂ ಬದಲಿಸಲಾಯಿತು. ತಡವಾಗಿತ್ತು. ಬದಲಾಯಿಸುತ್ತಿದ್ದಾರೆ ಎಂದರೆ ಮೊದಲು ತಪ್ಪು ಇತ್ತು ಎಂದೇ ಅರ್ಥ ಎಂದು ಜನ ತಿಳಿದರು. ಆಮೇಲೆ ಕಾಗದದ ಹೊಳಪಿನ ಮೇಲೂ ಅನುಮಾನ ಬಂತು. ಫೆಬ್ರುವರಿಯಲ್ಲಿ ಬೆರ್ಹಾಂಪುರದ 19ನೇ ರೆಜಿಮೆಂಟ್ ತೋಟಾ ಮುಟ್ಟಲು ಒಪ್ಪಲಿಲ್ಲ. ಮಾರ್ಚ್ 29ರಂದು ಬ್ಯಾರಕ್‌ಪುರದಲ್ಲಿ ಮಂಗಲ್ ಪಾಂಡೆ ಬಂದೂಕು ಎತ್ತಿದ. ಏಪ್ರಿಲ್ 24ರಂದು ಮೀರತ್‌ನಲ್ಲಿ 90 ಸವಾರರ ಪೈಕಿ 85 ಜನ ತೋಟಾ ತೆಗೆದುಕೊಳ್ಳಲಿಲ್ಲ. ಅಂದು ಕೊಟ್ಟದ್ದು ಹೊಸ ತೋಟಾ ಅಲ್ಲವೇ ಅಲ್ಲ, ಅವರು ಎಂದಿನಿಂದ ಬಳಸುತ್ತಿದ್ದ ಹಳೆಯದು. ಅಷ್ಟರೊಳಗೆ ನಂಬಿಕೆ ಹೋಗಿತ್ತು. ಮೇ 9ರಂದು ಆ 85 ಜನರಿಗೆ ಎಲ್ಲರೆದುರು ಸಂಕೋಲೆ ತೊಡಿಸಿದರು. ಮೇ 10ರಂದು ಮೀರತ್ ಎದ್ದಿತು.

ದಂಗೆಗೆ ಕೊಬ್ಬೊಂದೇ ಕಾರಣ ಎಂದು ನಾನು ಹೇಳುತ್ತಿಲ್ಲ. ಕಂದಾಯದ ಹೊರೆ, ಸಂಸ್ಥಾನಗಳನ್ನು ಕಿತ್ತುಕೊಂಡದ್ದು, ದತ್ತಕವನ್ನು ಒಪ್ಪದೇ ಹೋದದ್ದು, ಸಂಬಳದ ತಾರತಮ್ಯ ಎಲ್ಲ ಇತ್ತು. ಆದರೆ ಬಾಯಲ್ಲಿ ಇಟ್ಟುಕೊಳ್ಳಬೇಕಾದವನನ್ನು ಒಂದು ಮಾತು ಕೇಳಿದ್ದರೆ ಈ ಒಂದು ಕಾರಣವಾದರೂ ಇರುತ್ತಿರಲಿಲ್ಲ.

ನಮ್ಮ ಹಲಗಲಿಗೆ ಬಂದದ್ದು

ಉತ್ತರದಲ್ಲಿ ಹೊತ್ತಿಕೊಂಡ ಬೆಂಕಿಗೆ ಹೆದರಿದ ಕಂಪನಿ ಸರ್ಕಾರ 1857ರಲ್ಲೇ ಆಯುಧಗಳ ಮೇಲೆ ಕಾಯ್ದೆ ತಂದಿತು. ಜನ ತಮ್ಮಲ್ಲಿರುವ ಬಂದೂಕು, ಕತ್ತಿ, ಭರ್ಚಿಗಳನ್ನು ನೋಂದಾಯಿಸಬೇಕು, ಪರವಾನಗಿ ಇಲ್ಲದ್ದನ್ನು ಒಪ್ಪಿಸಬೇಕು. ಮುಧೋಳ ಆಗ ಘೋರ್ಪಡೆ ಮನೆತನದ ಸಂಸ್ಥಾನ. ಅಲ್ಲಿಗೂ ಈ ಆದೇಶ ಬಂತು.

ಹಲಗಲಿಯ ಬೇಡರಿಗೆ ಆಯುಧ ಗೋಡೆಗೆ ತೂಗುಹಾಕುವ ವಸ್ತುವಲ್ಲ. ಬೇಟೆ, ಕಾವಲು, ದಂಡಿನ ಚಾಕರಿ, ಎಲ್ಲದಕ್ಕೂ ಅದೇ ಬೇಕು. ಎತ್ತು ಒಪ್ಪಿಸು ಎಂದು ರೈತನಿಗೆ ಹೇಳಿದ ಹಾಗಾಯಿತು. ಅವರು ಒಪ್ಪಲಿಲ್ಲ. ಸುತ್ತಲಿನ ಊರುಗಳಿಂದಲೂ ಜನ ಬಂದು ಸೇರಿದರು. ನವೆಂಬರ್ ಕೊನೆಯಲ್ಲಿ ಬ್ರಿಟಿಷ್ ಕುದುರೆ ದಂಡು ಬಂತು. ಊರೊಳಗಿನಿಂದ ಗುಂಡು ಹಾರಿದವು. ದಂಡು ಊರಿಗೆ ಬೆಂಕಿ ಇಟ್ಟಿತು. ಸತ್ತವರು ಸತ್ತರು, ನೂರಾರು ಜನ ಸೆರೆ ಸಿಕ್ಕರು. ಡಿಸೆಂಬರಿನಲ್ಲಿ 19 ಜನರನ್ನು ಗಲ್ಲಿಗೆ ಹಾಕಿದರು. ಕೆಲವರನ್ನು ಮುಧೋಳದ ಸಂತೆಯ ದಿನ, ಜನ ನೋಡಲಿ ಎಂದು. ಉಳಿದವರನ್ನು ಹಲಗಲಿಯಲ್ಲೇ.

ಈ ಕಥೆ ಉಳಿದದ್ದು ಲಾವಣಿಯಲ್ಲಿ. ನಮ್ಮ ಹಾಡುಗಾರರು ಜಡಗ, ಬಾಲರ ಹೆಸರು ಹಿಡಿದು ಹಾಡಿದ್ದನ್ನು ಬ್ರಿಟಿಷ್ ಅಧಿಕಾರಿಯೇ ಆಗಿದ್ದ ಜೆ. ಎಫ್. ಫ್ಲೀಟ್ ಕೇಳಿ ಬರೆದುಕೊಂಡು ಇಂಡಿಯನ್ ಆಂಟಿಕ್ವರಿ ಪತ್ರಿಕೆಯಲ್ಲಿ ಅಚ್ಚು ಹಾಕಿಸಿದ.

ಹಲಗಲಿಯವರು ಎನ್‌ಫೀಲ್ಡ್ ರೈಫಲ್ ಹಿಡಿದವರಲ್ಲ. ಕೊಬ್ಬಿನ ತೋಟಾ ಅವರ ಬಾಯಿಗೆ ಎಂದೂ ಬಂದಿರಲಿಲ್ಲ. ಕಲ್ಕತ್ತದ ಗುತ್ತಿಗೆಯ ಕೊಬ್ಬಿನಿಂದ ಶುರುವಾದ ಭಯ ತಿರುಗಿ ತಿರುಗಿ ಬಂದು ಅವರ ಚಪ್ಪರಕ್ಕೆ ಹತ್ತಿಕೊಂಡಿತು. ದೂರದಲ್ಲಿ ಯಾರೋ ತೆಗೆದುಕೊಂಡ ತೀರ್ಮಾನದ ಲೆಕ್ಕ ಹಳ್ಳಿಯಲ್ಲಿ ಚುಕ್ತಾ ಆಗುವುದು ನಮಗೆ ಹೊಸದೇನಲ್ಲ.

ಕೊಡಗಿಗೆ ಬೇರೆ ನ್ಯಾಯ

ಅದೇ ಹೊತ್ತಿಗೆ ಕೊಡಗಿನಲ್ಲಿ ನಡೆದದ್ದು ಬೇರೆ. ದಂಗೆಯ ಕಾಲದಲ್ಲಿ ಕೊಡವರು ಬ್ರಿಟಿಷರ ವಿರುದ್ಧ ಏಳಲಿಲ್ಲ. 1861ರಲ್ಲಿ ಕಮಿಷನರ್ ಮಾರ್ಕ್ ಕಬ್ಬನ್ ಅವರನ್ನು ಆಯುಧ ಕಾಯ್ದೆಯಿಂದ ಹೊರಗಿಟ್ಟ. ಆ ವಿನಾಯಿತಿ ಸ್ವಾತಂತ್ರ್ಯದ ನಂತರವೂ ಮುಂದುವರಿಯಿತು. ಕೊಡವ ಜನಾಂಗದವರಿಗೆ ಮತ್ತು ಜಮ್ಮಾ ಹಿಡುವಳಿದಾರರಿಗೆ ಇಂದಿಗೂ ಪರವಾನಗಿಯಿಂದ ವಿನಾಯಿತಿ ಇದೆ. 2019ರಲ್ಲಿ ಕೇಂದ್ರ ಸರ್ಕಾರ ಅದನ್ನು 2029ರ ತನಕ ವಿಸ್ತರಿಸಿತು. 2021ರಲ್ಲಿ ಕರ್ನಾಟಕ ಹೈಕೋರ್ಟ್ ಇದನ್ನು ಎತ್ತಿಹಿಡಿಯಿತು.

ಕೊಡಗಿನಲ್ಲಿ ಕೋವಿಗೆ ಪೂಜೆ ಇದೆ. ಸೆಪ್ಟೆಂಬರಿನ ಕೈಲ್‌ಪೊಳ್ದ್ ಹಬ್ಬದಲ್ಲಿ ತೋಕ್ ಪೂ ಎಂಬ ಕೆಂಪು ಹಳದಿ ಹೂವನ್ನು ನಳಿಗೆಗೆ ಸಿಕ್ಕಿಸುತ್ತಾರೆ. ಗಂಡು ಮಗು ಹುಟ್ಟಿದರೆ ಒಂದು ಗುಂಡು, ಸಾವಾದರೆ ಎರಡು ಗುಂಡು ಹಾರಿಸುವ ಪದ್ಧತಿ ಇದೆ. ಕೋವಿ ಅವರ ಸಂಸ್ಕೃತಿ ಎಂದು ಎಲ್ಲರೂ ಒಪ್ಪುತ್ತಾರೆ. ನಾನೂ ಒಪ್ಪುತ್ತೇನೆ. ಹಲಗಲಿಯ ಬೇಡರಿಗೂ ಆಯುಧ ಅಷ್ಟೇ ಆಗಿತ್ತು ಎಂಬುದನ್ನೂ ಜೊತೆಗೇ ಹೇಳಬೇಕು. ಒಂದೇ ರಾಜ್ಯದ ಎರಡು ಜನ. ಒಬ್ಬರ ಕೋವಿಗೆ ಹೂವು, ಒಬ್ಬರ ಊರಿಗೆ ಬೆಂಕಿ.

1878ರ ಆಯುಧ ಕಾಯ್ದೆ ಇನ್ನೂ ಬಿಗಿಯಾಯಿತು. ಅದರ ಪದವಿವರಣೆಯಲ್ಲಿ ಗಂಧಕ, ಪೆಟ್ಲುಪ್ಪಿನ ಜೊತೆ ಸೀಸದ ಹೆಸರೂ ಇದೆ. ಸರ್ಕಾರ ಬಯಸಿದ ಕಡೆ ಅದರ ಸಾಗಣೆ, ಸಂಗ್ರಹಕ್ಕೂ ಕಾಯ್ದೆ ಹಚ್ಚಬಹುದಿತ್ತು. ಒಲೆಯ ಮೇಲೆ ಕರಗುವ ಲೋಹಕ್ಕೆ ಸರ್ಕಾರ ಎಷ್ಟು ಹೆದರಿತ್ತು ನೋಡಿ.

ಕೊಬ್ಬು ಹೋಗಿ ತಾಮ್ರ ಬಂತು

ಇತ್ತ ಗುಂಡಿನ ಕೆಲಸ ಮುಂದೆ ಸಾಗಿತ್ತು. ದಂಗೆಯ ನಂತರ ಬ್ರಿಟಿಷ್ ತೋಟಾಗಳಲ್ಲಿ ಕೊಬ್ಬು ಕಡಿಮೆಯಾಗಿ ಜೇನುಮೇಣ ಹೆಚ್ಚಾಯಿತು. ಅದರಲ್ಲಿ ಜಾತಿಯ ಲೆಕ್ಕವಷ್ಟೇ ಇರಲಿಲ್ಲ. ಪ್ರಾಣಿ ಕೊಬ್ಬು ದಿನ ಕಳೆದಂತೆ ಹುಳಿತು ಸೀಸವನ್ನೇ ತಿನ್ನುತ್ತಿತ್ತು, ಮೇಣ ಹಾಗೆ ಮಾಡುವುದಿಲ್ಲ. ಅಂದರೆ ಮೊದಲೇ ಮೇಣ ಬಳಸಿದ್ದರೆ ಗುಂಡಿಗೂ ಒಳ್ಳೆಯದಿತ್ತು.

1860ರ ದಶಕದಲ್ಲಿ ಸ್ನೈಡರ್ ರೈಫಲ್ ಬಂತು. ಹಿಂಭಾಗದಿಂದ ತುಂಬುವ, ಲೋಹದ ಹೊದಿಕೆಯ ತೋಟಾ. ಕಚ್ಚುವುದೂ ಇಲ್ಲ, ಗಜವೂ ಇಲ್ಲ. 1871ರ ಮಾರ್ಟಿನಿ ಹೆನ್ರಿ ರೈಫಲಿನ ಗುಂಡಿಗೆ ಸೀಸದ ಜೊತೆ ತವರ ಬೆರೆಸಿ ಗಟ್ಟಿ ಮಾಡಿದರು, ಮೇಲೆ ಕಾಗದ ಸುತ್ತಿದರು, ಹಿಂದೆ ಜೇನುಮೇಣದ ಬಿಲ್ಲೆ ಇಟ್ಟರು.

1880ರ ದಶಕದಲ್ಲಿ ಫ್ರಾನ್ಸಿನ ಪಾಲ್ ವಿಯೆಲ್ ಹೊಗೆ ಬಾರದ ಮದ್ದು ಕಂಡುಹಿಡಿದ ಮೇಲೆ ಗುಂಡಿನ ವೇಗ ಬಹಳ ಹೆಚ್ಚಿತು. ಆ ವೇಗಕ್ಕೆ ಬರೀ ಸೀಸ ತಡೆಯುತ್ತಿರಲಿಲ್ಲ, ಮೇಣವೂ ಸಾಲುತ್ತಿರಲಿಲ್ಲ. ಸ್ವಿಟ್ಜರ್ಲೆಂಡಿನ ಎಡ್ವರ್ಡ್ ರೂಬಿನ್ ಸೀಸದ ಗುಂಡಿಗೆ ತಾಮ್ರದ ಅಂಗಿ ತೊಡಿಸಿದ. ಅಲ್ಲಿಗೆ ಸೈನ್ಯಗಳಿಗೆ ಕೊಬ್ಬು, ಮೇಣಗಳ ಗೊಡವೆ ಮುಗಿಯಿತು. ಕೊಬ್ಬಿನ ಮಾತು ಹುಟ್ಟಿದ ಅದೇ ಡಂಡಂನ ಕಾರ್ಖಾನೆಯಲ್ಲಿ 1890ರ ದಶಕದಲ್ಲಿ ಈ ಅಂಗಿಯ ತುದಿ ತೆರೆದು, ಮೈಗೆ ಹೊಕ್ಕ ಮೇಲೆ ಅರಳುವ ಗುಂಡು ಮಾಡಿದರು. ಡಂಡಂ ಗುಂಡು ಎಂದೇ ಹೆಸರಾದ ಅದನ್ನು 1899ರ ಹೇಗ್ ಸಮ್ಮೇಳನ ಯುದ್ಧದಲ್ಲಿ ಬಳಸಬಾರದೆಂದು ನಿಷೇಧಿಸಿತು.

ಮೇಣವೋ, ಪೌಡರೋ?

ಸೈನ್ಯ ಬಿಟ್ಟರೂ ಅಮೆರಿಕದಲ್ಲಿ ಮನೆಯ ಎರಕ ನಿಲ್ಲಲಿಲ್ಲ. ಅಲ್ಲಿ ಬೇಟೆಗಾರರು, ಗುರಿ ಸ್ಪರ್ಧೆಯವರು ಖರ್ಚು ಉಳಿಸಲೆಂದೂ ಹವ್ಯಾಸಕ್ಕೆಂದೂ ಎರಕ ಹೊಯ್ಯುತ್ತ ಬಂದಿದ್ದಾರೆ. ಟೈರ್ ಅಂಗಡಿಗಳಲ್ಲಿ ಚಕ್ರದ ತೂಕ ಸರಿದೂಗಿಸಲು ಬಡಿಯುವ ಸೀಸದ ತುಂಡುಗಳೇ ಬಹಳ ಕಾಲ ಅವರ ಕಚ್ಚಾವಸ್ತು. ಗುಂಡಿನ ಸುತ್ತ ಬಳೆಯಂಥ ಕಾಲುವೆಗಳಿರುತ್ತವೆ. ಪುಟ್ಟ ಪ್ರೆಸ್ಸಿನಲ್ಲಿ ಒತ್ತಿ ಆ ಕಾಲುವೆಗೆ ಮೇಣ ತುಂಬುತ್ತಾರೆ. 20ನೇ ಶತಮಾನದಲ್ಲಿ ಅಲ್ಲಿ ಹೆಚ್ಚು ಹೆಸರಾದ ಮಿಶ್ರಣ ಅರ್ಧ ಜೇನುಮೇಣ, ಅರ್ಧ ಆಲಾಕ್ಸ್ ಎಂಬ ಪೆಟ್ರೋಲಿಯಂ ಜಿಡ್ಡು. ವೇಗ ಹೆಚ್ಚಿದ್ದರೆ ಗುಂಡಿನ ಬುಡ ಕರಗದಿರಲೆಂದು ತಾಮ್ರದ ತೆಳು ಬಟ್ಟಲು ಕೂರಿಸುತ್ತಾರೆ.

ಪೌಡರ್ ಕೋಟಿಂಗ್ ಹುಟ್ಟಿದ್ದು ಬೇರೆ ಕಡೆ. 1940ರ, 50ರ ದಶಕಗಳಲ್ಲಿ ಅಮೆರಿಕ, ಜರ್ಮನಿಗಳಲ್ಲಿ ಲೋಹದ ವಸ್ತುಗಳಿಗೆ ದ್ರವವಿಲ್ಲದೆ ಬಣ್ಣ ಹಾಕಲು ಹುಡುಕಿದ ದಾರಿ ಅದು. ಪ್ಲಾಸ್ಟಿಕ್ ಜಾತಿಯ ಒಣ ಪುಡಿ ವಿದ್ಯುತ್ತಿನ ಸೆಳೆತಕ್ಕೆ ಲೋಹಕ್ಕೆ ಅಂಟುತ್ತದೆ, 200 ಡಿಗ್ರಿಯ ಆಸುಪಾಸಿನಲ್ಲಿ ಬೆಂದು ಒಂದೇ ಪದರವಾಗುತ್ತದೆ. ನಮ್ಮ ಕಿಟಕಿ, ಬೀರು, ಗೇಟುಗಳಿಗೆಲ್ಲ ಇದೇ. ಗುಂಡಿಗೂ ಇದನ್ನು ಹಚ್ಚಿದರೆ ಹೇಗೆ ಎಂದು ಹವ್ಯಾಸಿಗಳು ಪ್ರಯೋಗ ಮಾಡಿದರು. ಸುಮಾರು ಒಂದೂವರೆ ದಶಕದಿಂದ ಅದು ಅಲ್ಲಿ ಚೆನ್ನಾಗಿ ಹಬ್ಬಿದೆ.

ಎರಡರಲ್ಲಿ ಯಾವುದು ಮೇಲು ಎಂಬ ವಾದ ಅವರಲ್ಲಿ ಮುಗಿದಿಲ್ಲ. ಮೇಣದ ಗುಂಡು ಹೊಗೆ ಹೆಚ್ಚು ಮಾಡುತ್ತದೆ, ಕೈಗೆ ಅಂಟುತ್ತದೆ, ಧೂಳು ಹಿಡಿಯುತ್ತದೆ, ಬಿಸಿಲಲ್ಲಿ ಜಿನುಗುತ್ತದೆ. ಪೌಡರಿನ ಗುಂಡು ಒಣಗಿರುತ್ತದೆ, ಹೊಗೆ ಕಡಿಮೆ, ನಳಿಗೆಗೆ ಸೀಸ ಹತ್ತುವುದೂ ಕಡಿಮೆ. ಆದರೆ ಪದರದಿಂದ ಗುಂಡಿನ ಅಳತೆ ದಪ್ಪವಾಗುತ್ತದೆ, ಪದರ ಒಂದೇ ಸಮ ಕೂರದಿದ್ದರೆ ಗುರಿ ಹೋಗುತ್ತದೆ, ನೀರಿಗೆ ಹಾಕಿ ಗಟ್ಟಿ ಮಾಡಿದ ಸೀಸ ಓವನ್ನಿನ ಬಿಸಿಗೆ ಮತ್ತೆ ಮೆತ್ತಗಾಗುತ್ತದೆ. ಬಹುದೂರದ ಗುರಿಗೆ ಮೇಣವೇ ನಂಬಿಕೆ ಎನ್ನುವ ಹಳಬರು ಈಗಲೂ ಇದ್ದಾರೆ. ಯಾವುದನ್ನು ಹಚ್ಚಬೇಕು ಎಂದು ಅಲ್ಲಿ ತೀರ್ಮಾನಿಸುವವನು ಹಾರಿಸುವವನೇ. 1857ರ ಸಿಪಾಯಿಗೆ ಇಲ್ಲದೇ ಹೋದದ್ದು ಇದೇ.

ಯಾರೂ ವಿಡಿಯೊ ನೋಡಿ ಇಲ್ಲಿ ಕೈ ಹಾಕಬೇಡಿ. ನಮ್ಮಲ್ಲಿ 1959ರ ಆಯುಧ ಕಾಯ್ದೆ ಇದೆ. ಪರವಾನಗಿ ಇಲ್ಲದೆ ಮದ್ದುಗುಂಡು ತಯಾರಿಸಿದರೆ ಜೈಲು. ಬೆಳೆ ರಕ್ಷಣೆಗೆ ಬಂದೂಕು ಪರವಾನಗಿ ಇರುವ ರೈತರಿಗೂ ಅದು ಗುಂಡು ತಯಾರಿಸಲು ಕೊಟ್ಟ ಪರವಾನಗಿ ಅಲ್ಲ. ಚುನಾವಣೆ ಬಂದಾಗೆಲ್ಲ ಆ ಬಂದೂಕನ್ನು ಠಾಣೆಗೆ ಒಪ್ಪಿಸಿ ರಸೀದಿ ಪಡೆಯಲು ಸಾಲಿನಲ್ಲಿ ನಿಲ್ಲುವವರನ್ನು ನಾನು ವರದಿಗಾರನಾಗಿ ಪ್ರತಿ ಸಲ ನೋಡುತ್ತೇನೆ. ಹಲಗಲಿ ನೆನಪಾಗುತ್ತದೆ.

ಸೀಸ ಸೀಸವೇ

ಕೊನೆಗೆ ಒಂದು ಮಾತು. ಕೊಬ್ಬು, ಮೇಣ, ತಾಮ್ರ, ಪೌಡರ್ ಎಲ್ಲ ಬಂದದ್ದು ನಳಿಗೆಯನ್ನು ಉಳಿಸಲು, ಗುರಿ ಸರಿಮಾಡಲು. ಸೀಸ ಮನುಷ್ಯನಿಗೆ ವಿಷ. ರಕ್ತಕ್ಕೆ ಸೇರಿದರೆ ನರ, ಮೂತ್ರಪಿಂಡಗಳನ್ನು ಕೆಡಿಸುತ್ತದೆ, ಮಕ್ಕಳ ಬುದ್ಧಿ ಬೆಳವಣಿಗೆಗೆ ಅಡ್ಡಿಯಾಗುತ್ತದೆ. ಪೌಡರ್ ಹಚ್ಚಿದ ಗುಂಡು ಮುಟ್ಟಿದರೆ ಕೈಗೆ ಸೀಸ ಹತ್ತುವುದಿಲ್ಲ ನಿಜ. ಆದರೆ ಅದನ್ನು ಕರಗಿಸುವವನ ಧೂಳು, ಕಿಟ್ಟ, ಹೊಗೆ ಹಾಗೆಯೇ ಇರುತ್ತದೆ. ಬೇಟೆಯ ಪ್ರಾಣಿಯ ಮೈಯಲ್ಲಿ ಉಳಿದ ಸೀಸ ತಿಂದು ಕಾಂಡರ್ ಎಂಬ ದೊಡ್ಡ ರಣಹದ್ದುಗಳು ಸಾಯುತ್ತಿದ್ದುದರಿಂದ ಕ್ಯಾಲಿಫೋರ್ನಿಯಾ ರಾಜ್ಯ 2019ರಿಂದ ಬೇಟೆಗೆ ಸೀಸದ ಗುಂಡನ್ನೇ ಪೂರ್ತಿ ನಿಷೇಧಿಸಿದೆ. ನಮ್ಮಲ್ಲಿ ಬಂದೂಕಿಗಿಂತ ಹಳೆಯ ಬ್ಯಾಟರಿ ಒಡೆದು ಸೀಸ ಕರಗಿಸುವವರ ಮನೆಗಳಲ್ಲಿ ಈ ಅಪಾಯ ಹೆಚ್ಚು. ಅಲ್ಲಿ ಮಕ್ಕಳು ಅದೇ ಅಂಗಳದಲ್ಲಿ ಆಡುತ್ತಿರುತ್ತಾರೆ.

ಗೇಟು ಸಿದ್ಧವಾದಾಗ ಹುಡುಗ ಓವನ್ನಿನ ಬಾಗಿಲು ತೆರೆದ. ಅವನ ಹುಬ್ಬು, ಮೂಗಿನ ಹೊಳ್ಳೆಗಳ ತುಂಬ ಬೂದು ಬಣ್ಣದ ಪುಡಿ ಕೂತಿತ್ತು. ಮೂಗಿಗೆ ಕಟ್ಟಿದ್ದು ಒಂದು ಹಳೆಯ ಕರ್ಚೀಫು.

“ಮಾಸ್ಕ್ ಕೊಡಂಗಿಲ್ಲೇನು ತಮ್ಮಾ?” ಎಂದೆ.

“ಕೇಳಿಲ್ರೀ ಸರ್. ಅವರೂ ಕೇಳಿಲ್ಲ, ನಾನೂ ಕೇಳಿಲ್ಲ,” ಎಂದು ನಕ್ಕ.

ಮಾಲೀಕರ ಹತ್ತಿರ ಹೋಗಿ ಹೇಳಿ ಬಂದೆ. ಆಯ್ತು ತರಿಸ್ತೀನಿ ಎಂದರು. ಮುಂದಿನ ವಾರ ಗ್ರಿಲ್ ಒಯ್ಯಲು ಹೋಗುವುದಿದೆ. ತರಿಸಿದ್ದಾರೋ ಇಲ್ಲವೋ ನೋಡಿಕೊಂಡು ಬರುತ್ತೇನೆ.